ಗಾಡಿ ನಿಲ್ಸ್ರಿ ಅಂದ ಜಾಗಗಳು

ಗಂಗಾವತಿಯಲ್ಲಿ ಮನೆ ಮಾಡಿದವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ನೆಂಟರು ಬಂದರೆ ಹಂಪಿ ತೋರಿಸಬೇಕು. ಬೀಗರು ಬಂದರೆ ಅಂಜನಾದ್ರಿ ಹತ್ತಿಸಬೇಕು. ಬೆಂಗಳೂರಿನಿಂದ ನಾದಿನಿ ಮಕ್ಕಳು ಬಂದರೆ ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿಸಿ, ಫೋಟೊ ತೆಗೆದು, ಕತ್ತಲಾಗುವಷ್ಟರಲ್ಲಿ ಮನೆಗೆ ಕರೆದುಕೊಂಡು ಬರಬೇಕು. ಅಂಜನಾದ್ರಿಯ 575 ಮೆಟ್ಟಿಲು ನನ್ನ ಮೊಣಕಾಲಿಗೆ ಬಾಯಿಪಾಠ ಆಗಿವೆ. ಹಂಪಿ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ನಾವಿಬ್ಬರೇ ಹೊರಟ ದಿನ ಗಾಡಿ ಆ ಕಡೆ ತಿರುಗುವುದಿಲ್ಲ.

ನಮ್ಮವರದು ಟ್ರ್ಯಾಕ್ಟರ್, ಕಟಾವು ಮಷೀನು ರಿಪೇರಿ ಕೆಲಸ. ಭತ್ತದ ಕಟಾವು ಶುರುವಾಯಿತು ಅಂದರೆ ಅವರು ನನ್ನ ಕೈಗೆ ಸಿಗುವುದಿಲ್ಲ. ಯಾವುದೋ ಗದ್ದೆಯಲ್ಲಿ ಯಾವುದೋ ಮಷೀನಿನ ಹೊಟ್ಟೆಯೊಳಗೆ ಇರುತ್ತಾರೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಟೀಚರ್. ಅವರಿಗೂ ಕಟಾವಿಲ್ಲದ, ನನಗೂ ಪೇಪರ್ ತಿದ್ದುವುದಿಲ್ಲದ ಭಾನುವಾರ ಸಿಕ್ಕರೆ ಬೆಳಿಗ್ಗೆ ಬೆಳಿಗ್ಗೆ ಹೊರಟುಬಿಡುತ್ತೇವೆ. ಮೊದಲು ಬೈಕ್ ಇತ್ತು. ಈಗ ಒಂದು ಸೆಕೆಂಡ್ ಹ್ಯಾಂಡ್ ಕಾರು. ಶಬ್ದ ಕೇಳಿಯೇ ಏನು ಕೆಟ್ಟಿದೆ ಅಂತ ಹೇಳುವವರು ಪಕ್ಕದಲ್ಲೇ ಕೂತಿರುವಾಗ ಹಳೇ ಗಾಡಿಯ ಚಿಂತೆ ನನಗ್ಯಾಕೆ?

ನಮ್ಮಿಬ್ಬರ ರುಚಿ ಮಾತ್ರ ಕೂಡುವುದಿಲ್ಲ. ಹಳೇ ಕಲ್ಲು ಕಂಡರೆ ನಾನು ಅದರ ಮೇಲೆ ಏನು ಬರೆದಿದೆ ಅಂತ ನೋಡುತ್ತೇನೆ. ಅವರು ಅದನ್ನು ಇಲ್ಲಿಗೆ ಯಾರು, ಹೆಂಗ ತಂದರು ಅಂತ ನೋಡುತ್ತಾರೆ. ಅದಕ್ಕೇ ನಮ್ಮಲ್ಲಿ ಒಂದು ಒಪ್ಪಂದ ಇದೆ. ಯಾರೇ ‘ಗಾಡಿ ನಿಲ್ಸ್ರಿ’ ಅಂದರೂ ಗಾಡಿ ನಿಲ್ಲಬೇಕು, ಯಾಕೆ ಅಂತ ಕೇಳುವಂತಿಲ್ಲ. ಬಹಳ ಸಲ ಹತ್ತು ನಿಮಿಷಕ್ಕೆ ಒಬ್ಬರಿಗೆ ಬೇಜಾರಾಗಿ ಹಾರ್ನ್ ಬೀಳುತ್ತದೆ. ಇಬ್ಬರೂ ಹಾರ್ನ್ ಮರೆತ ಜಾಗಗಳು ಕೆಲವೇ ಕೆಲವು. ಅವುಗಳ ಬಗ್ಗೆಯೇ ಬರೆಯೋಣ ಅನ್ನಿಸಿತು.

ಮೊದಲು ಹಿರೇಬೆಣಕಲ್. ನಮಗೆ ತೀರಾ ಹತ್ತಿರ, ಆದರೂ ಎಷ್ಟೋ ವರ್ಷ ಹೋಗಿರಲಿಲ್ಲ. ಕೊಪ್ಪಳ ರಸ್ತೆಯಲ್ಲಿ ಹೋಗಿ, ಊರಲ್ಲಿ ಗಾಡಿ ಬಿಟ್ಟು, ಗುಡ್ಡ ಹತ್ತಬೇಕು. ಊರವರು ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ. ಮೋರೇರು ಅಂದರೆ ಹಿಂದೆ ಅಲ್ಲಿದ್ದ ಗಿಡ್ಡ ಜನ, ಮೇಲೆ ಇರುವುದು ಅವರ ಮನೆಗಳು ಅಂತ ಮಾತು. ದಾರಿಯಲ್ಲಿ ಸಿಕ್ಕ ಕುರಿಗಾಹಿ ಅಜ್ಜ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಕರಡಿ ಅದಾವ್ರಿ ಯಪ್ಪಾ, ಹೊತ್ತು ಮುಳುಗೂದರಾಗ ಇಳೀರಿ’ ಅಂದ. ಅಷ್ಟು ಹೇಳಿದ್ದೇ ತಡ, ನಮ್ಮವರು ಒಂದು ಉದ್ದನೆಯ ಕಟ್ಟಿಗೆ ಹುಡುಕಿಕೊಂಡರು. ಅದನ್ನು ದಾರಿಯುದ್ದಕ್ಕೂ ಹಿಡಿದು ನಡೆದವಳು ನಾನು.

ಮೇಲೆ ಹತ್ತಿದ ಮೇಲೆ ಮಾತೇ ಹೊರಡಲಿಲ್ಲ. ಬಂಡೆಯ ಬಯಲಿನ ತುಂಬ ಕಲ್ಲಿನ ಗೂಡುಗಳು. ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವಕ್ಕೆ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇದೆ. ಕೆಲವು ನಮ್ಮ ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕಿಂತ ಜಾಸ್ತಿ. ಎಲ್ಲ ಸೇರಿ 400ರಷ್ಟು ಇವೆ. ಇವು ಮನೆಗಳಲ್ಲ, ಸತ್ತವರಿಗಾಗಿ ಕಬ್ಬಿಣ ಯುಗದ ಜನ ಎಬ್ಬಿಸಿದವು. ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೂ ಸೇರಿವೆ. ನಾನು ಇದನ್ನೆಲ್ಲ ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳುತ್ತಿದ್ದೆ. ತಿರುಗಿ ನೋಡಿದರೆ ನಮ್ಮವರು ಒಂದು ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದಾರೆ. ಹೆಬ್ಬೆರಳನ್ನು ಕಿಂಡಿಯ ಅಂಚಿಗೆ ಇಟ್ಟು ಪೂರ್ತಿ ಒಂದು ಸುತ್ತು ತಂದರು. ಆಮೇಲೆ ಕಣ್ಣು ಮುಚ್ಚಿ ಇನ್ನೊಂದು ಸುತ್ತು.

‘ಇದನ್ನ ಕೊರದಿಲ್ಲ. ಕುಟ್ಟಿ ಕುಟ್ಟಿ ತಗದಾರ. ಈ ಕಡಿಂದ ಅರ್ಧ, ಆ ಕಡಿಂದ ಅರ್ಧ. ನಡುವ ಏಣು ಉಳದೈತಿ ನೋಡು, ಕೈ ಹಾಕು.’

ಕೈ ಹಾಕಿದೆ. ಹೌದು, ಅಂಚಿನ ನಡುವೆ ಸಣ್ಣದೊಂದು ಏಣು ಬೆರಳಿಗೆ ತಾಕಿತು. ಎಷ್ಟು ಪಾಠ ಮಾಡಿದ್ದೇನೆ, ಕಲ್ಲಿನ ಗೂಡಿನ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ. ಅದನ್ನು ಕುಟ್ಟಿದವನೊಬ್ಬ ಇದ್ದ, ಅವನ ಕೈ ನೋಯುತ್ತಿತ್ತು ಅಂತ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಅಲ್ಲಿಂದ ಅವರು ಚಪ್ಪಡಿ ಎಲ್ಲಿಂದ ಎಬ್ಬಿಸಿದರು ಅಂತ ಹುಡುಕಲು ಹೊರಟರು. ದೂರ ಹೋಗಬೇಕಾಗಲಿಲ್ಲ. ಗೂಡುಗಳ ಪಕ್ಕದಲ್ಲೇ ಕಲ್ಲು ತೆಗೆದ ಜಾಗ ಇದೆ, ಈಗ ಅದರಲ್ಲಿ ನೀರು ನಿಂತಿದೆ. ನಮ್ಮ ಕಡೆಯ ಬಂಡೆ ಪದರ ಪದರವಾಗಿ ಏಳುತ್ತದೆ. ಬೆಂಕಿ ಹಾಕಿ ಕಾಯಿಸಿದರೆ ಇನ್ನೂ ಸುಲಭ. ‘ಬಂಡಿನ ಅವರಿಗೆ ಅರ್ಧ ಕೆಲಸ ಮಾಡಿ ಕೊಟ್ಟೈತಿ’ ಅಂದರು. ಆ ಮಾತು ಈಗ ನನ್ನ ಪಾಠದಲ್ಲೂ ಸೇರಿಕೊಂಡಿದೆ.

ಅಲ್ಲೇ ಸ್ವಲ್ಪ ಎತ್ತರದಲ್ಲಿ ದೊಡ್ಡ ಬಂಡೆಯ ಮೇಲೆ ನಗಾರಿ ಕಲ್ಲು ಇದೆ. ಅರ್ಧ ಗೋಲದ ಆಕಾರ. ಬಡಿದರೆ ಖಾಲಿ ಡೀಸೆಲ್ ಡ್ರಮ್ಮಿಗೆ ಸುತ್ತಿಗೆ ಬಿದ್ದಂತೆ ಶಬ್ದ ಬರುತ್ತದೆ, ಕೆಳಗಿನ ಊರಿಗೂ ಕೇಳುತ್ತದೆ ಅನ್ನುತ್ತಾರೆ. ಹತ್ತುವುದು ಅಷ್ಟು ಸುಲಭವಲ್ಲ. ಅವರು ಹತ್ತಿ ಬಡಿದರು, ನಾನು ಕೆಳಗೆ ನಿಂತು ಕೇಳಿದೆ. ಇಳಿಯುವ ದಾರಿಯಲ್ಲಿ ಬಂಡೆಯ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಮನುಷ್ಯರು, ಜಿಂಕೆ, ಕುದುರೆ ಹತ್ತಿದವರು. ಅಲ್ಲಿ ನನ್ನದು ಜಾಸ್ತಿ ಹೊತ್ತಾಯಿತು, ಆದರೆ ಹಾರ್ನ್ ಹೊಡೆಯಲು ಗಾಡಿ ಹತ್ತಿರ ಇರಲಿಲ್ಲ.

ಇಟಗಿಗೆ ಹೋಗಿದ್ದು ನನ್ನ ಹಟಕ್ಕೆ. ಕುಕನೂರಿನ ಮಹಾಮಾಯಿ ದರ್ಶನ ಮಾಡಿ, ನವಲಿಂಗ ಗುಡಿ ನೋಡಿ, ಕಪ್ಪು ಮಣ್ಣಿನ ಹೊಲಗಳ ನಡುವಿನ ದಾರಿ ಹಿಡಿದೆವು. ಇಟಗಿಯ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಮಹಾದೇವ ದಂಡನಾಯಕ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಸೇನಾಪತಿ. ಅಲ್ಲಿನ ಶಾಸನ ಈ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಸುತ್ತಲಿನ ಗುಡಿಗಳಲ್ಲಿ ಅಪ್ಪನ ಹೆಸರಿಗೊಂದು, ಅವ್ವನ ಹೆಸರಿಗೊಂದು ಇವೆ. ದೊಡ್ಡ ಮನುಷ್ಯ. ನಾನು ಶಾಸನದ ಕಲ್ಲಿನ ಮುಂದೆ ನಿಂತೆ. ಒಳಗಿಂದ ಕೂಗು ಬಂತು.

‘ಏ, ಇಲ್ಲಿ ಬಾ ಇಲ್ಲೆ. ಇಲ್ಲಿ ಲೇಥ್ ಮಷೀನ್ ಇತ್ತಾ?’

ಮುಂದಿನ ತೆರೆದ ಮಂಟಪದಲ್ಲಿ ಅರವತ್ತಕ್ಕೂ ಜಾಸ್ತಿ ಕಂಬಗಳಿದ್ದವಂತೆ, ಈಗಲೂ ಬಹಳಷ್ಟು ಉಳಿದಿವೆ. ಕೆಲವು ಕಂಬಗಳ ಮೈ ದುಂಡಗೆ, ನುಣ್ಣಗೆ, ಕನ್ನಡಿಯಷ್ಟು ಹೊಳಪು. ಉಂಗುರ ಉಂಗುರವಾಗಿ ಗೆರೆಗಳು ಬಂದಿವೆ. ನಮ್ಮವರು ಜೇಬಿನಿಂದ ದಾರ ತೆಗೆದು ಒಂದು ಗೆರೆಗೆ ಸುತ್ತಿದರು. ದಾರದ ಎರಡು ತುದಿ ಸರಿಯಾಗಿ ಕೂಡಿದವು. ‘ಕೈಲೆ ಉಳಿ ಹಿಡದು ಹೊಡದರ ಇಷ್ಟು ಸಮ ಬರಾಂಗಿಲ್ಲ. ಕಂಬ ತಿರಗೈತಿ. ಉಳಿ ನಿಂತೈತಿ.’ ತಿಳಿದವರೂ ಇದನ್ನೇ ಹೇಳುತ್ತಾರೆ. ಚಾಲುಕ್ಯರ ಈ ಕಂಬಗಳನ್ನು ತಿರುಗಿಸಿಯೇ ಕಡೆದಿದ್ದಾರೆ. ಕಲ್ಲು ಬಳಪದ ಕಲ್ಲು, ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗೆ ಇರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ನಾನು ಅದನ್ನು ಹೇಳಿದೆ. ಅವರಿಗೆ ಪ್ರಶ್ನೆ ಮುಗಿಯಲಿಲ್ಲ. ಇಷ್ಟು ಭಾರದ ಕಂಬವನ್ನು ಅಡ್ಡ ಮಲಗಿಸಿ ತಿರುಗಿಸಿದರೋ, ನೆಟ್ಟಗೆ ನಿಲ್ಲಿಸಿ ತಿರುಗಿಸಿದರೋ? ಯಾರು ತಿರುಗಿಸಿದರು, ಎತ್ತೋ ಮನುಷ್ಯರೋ? ಬೇರಿಂಗ್ ಏನಿತ್ತು?

ಅಲ್ಲಿನ ಕಾವಲಿನವರು ಬಹಳ ಹೊತ್ತು ನೋಡಿ ನೋಡಿ ಹತ್ತಿರ ಬಂದರು. ‘ಸಾಹೇಬ್ರು ಇಂಜಿನಿಯರ್ ಏನ್ರಿ?’

‘ಇಲ್ರಿ. ಟ್ರ್ಯಾಕ್ಟರ್ ಫಿಟ್ಟರ್.’

‘ಹಾಂ, ಅದಕ್ಕ’ ಅಂತ ಅವರು ಗುಡಿಯ ಹಿಂದಿನ ಮೆಟ್ಟಿಲಿನ ಪುಷ್ಕರಣಿಗೆ ತಾವೇ ಕರೆದೊಯ್ದರು. ಇಂಜಿನಿಯರ್ ಅಂದಿದ್ದರೆ ಅಷ್ಟು ಮರ್ಯಾದೆ ಸಿಗುತ್ತಿತ್ತೋ ಇಲ್ಲವೋ! ಆ ಮೆಟ್ಟಿಲ ಮೇಲೆ ಕೂತು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ ತಿಂದೆವು. ಎಣಗಾಯಿ ಎಣ್ಣೆ ಡಬ್ಬಿಯಿಂದ ಸೋರಿ ನನ್ನ ಇಳಕಲ್ ಸೀರೆಯ ಸೆರಗಿಗೆ ಹತ್ತಿತ್ತು. ಆ ಕಲೆ ಇನ್ನೂ ಹೋಗಿಲ್ಲ.

ಎಲ್ಲ ಕಡೆ ಹಿಂಗೇ ಆಗುತ್ತದೆ ಅಂದುಕೊಳ್ಳಬೇಡಿ. ಮಸ್ಕಿಯಲ್ಲಿ ನಾವು ಜಗಳ ಆಡುವುದೊಂದು ಬಾಕಿ. ನನಗೆ ಮಸ್ಕಿ ಅಂದರೆ ಮೈ ಜುಂ ಅನ್ನುತ್ತದೆ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಂಪ್ರಿಯ ಪ್ರಿಯದರ್ಶಿ’ ಅಂತ ಇತ್ತು, ಅದು ಅಶೋಕನೇ ಅಂತ ಗಟ್ಟಿಯಾಗಿ ಹೇಳಲು ಆಧಾರ ಸಾಲುತ್ತಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಈ ಕಡೆ ಚಿನ್ನ ಹುಡುಕುತ್ತ ಬಂದವನು ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರ ಕಂಡ. ಅದರಲ್ಲಿ ‘ಅಸೋಕ’ ಅನ್ನುವ ಹೆಸರೇ ಇತ್ತು. ರಾಯಚೂರು ಜಿಲ್ಲೆಯ ಒಂದು ಬಂಡೆ ಇಡೀ ದೇಶದ ಇತಿಹಾಸದ ಗಂಟು ಬಿಡಿಸಿತು, ಸಣ್ಣ ಮಾತಾ? ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಆದರೆ ನನಗೆ ಕೇಳಿದರೆ ಆ ಸೀಮೆಯಲ್ಲಿ ಸಿಕ್ಕ ದೊಡ್ಡ ಚಿನ್ನ ಇದೇ.

ನಮ್ಮವರು ಗ್ರಿಲ್ಲಿನ ಆಚೆ ಇಣುಕಿ, ‘ಇಷ್ಟನಾ?’ ಅಂದರು. ಅದರಲ್ಲಿ ಎತ್ತಿದ್ದಿಲ್ಲ, ಇಳಿಸಿದ್ದಿಲ್ಲ, ಜೋಡಿಸಿದ್ದಿಲ್ಲ. ಬಂಡೆ ತನ್ನ ಜಾಗದಲ್ಲೇ ಇದೆ, ಯಾರೋ ಗೀಚಿ ಹೋಗಿದ್ದಾರೆ. ಅವರು ಕೆಳಗೆ ಹೋಗಿ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ಹೇಳಿ ಕೂತರು. ನಾನು ನಿಧಾನಕ್ಕೆ ನೋಡಿಕೊಂಡು ಇಳಿದಾಗ ನನ್ನ ಪ್ಲೇಟು ತಣ್ಣಗಾಗಿತ್ತು, ಅವರು ಎರಡನೇ ಚಹಾ ಮುಗಿಸಿದ್ದರು. ಕೊಪ್ಪಳದ ಪಾಲ್ಕಿಗುಂಡು ಶಾಸನಕ್ಕೆ ಮಾತ್ರ ಖುಷಿಯಿಂದ ಬಂದರು. ಯಾಕೆ ಅಂತೀರಿ? ಅಲ್ಲಿ ಎರಡು ಬಂಡೆಗಳ ಮೇಲೆ ಇನ್ನೊಂದು ಚಪ್ಪಟೆ ಬಂಡೆ ಕೂತಿದೆ. ಅದು ಬೀಳದೆ ಹೆಂಗ ನಿಂತಿದೆ ಅನ್ನುವುದೇ ಅವರ ಚಿಂತೆ. ಅಶೋಕ ಪಾಪ, ಅಲ್ಲೂ ಎರಡನೇ ನಂಬರು.

ಮಸ್ಕಿಯಿಂದ ಬರುವಾಗ ಸಿಂಧನೂರು. ಕಾಲುವೆ ಬಂದ ಮೇಲೆ ನಮ್ಮ ಭಾಗದಲ್ಲಿ ‘ಕ್ಯಾಂಪ್’ ಇಲ್ಲದ ಊರೇ ಇಲ್ಲ. ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳು ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತ ಎಲ್ಲೆಲ್ಲೂ ಇವೆ. ಆದರೆ ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳದ್ದು, ಅಂದರೆ ಪುನರ್ವಸತಿ ಕ್ಯಾಂಪುಗಳದ್ದು, ಬೇರೆಯೇ ಕಥೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಭೂಮಿ ಕೊಟ್ಟು ನೆಲೆ ಮಾಡಿಸಿದ ಊರುಗಳು ಅವು. ನಮ್ಮವರಿಗೆ ಅಲ್ಲಿ ಗಿರಾಕಿಗಳಿದ್ದಾರೆ. ದಸರಾದಲ್ಲಿ ದುರ್ಗಾ ಪೂಜೆಗೆ ಕರೆದರು ಅಂತ ಹೋದೆವು. ಒಬ್ಬ ಅಜ್ಜಿ ಬಂಗಾಳಿಯಲ್ಲಿ ಸೊಸೆಯನ್ನು ಬೈದು, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ ‘ಕುಂದರ್ರಿ ಅಕ್ಕಾರ’ ಅಂದಳು. ಅದೂ ಅಪ್ಪಟ ಸಿಂಧನೂರು ಕನ್ನಡದಲ್ಲಿ. ಊಟಕ್ಕೆ ಅನ್ನ, ಮೀನು. ನಾನು ಮೀನು ತಿನ್ನುವುದಿಲ್ಲ. ನನಗೆ ರಸಗುಲ್ಲಾ ಒಂದರ ಮೇಲೊಂದು ಬಿದ್ದವು, ಬೇಡ ಅಂದಷ್ಟೂ ಬಿದ್ದವು. ಅಲ್ಲಿ ಹಳೇ ಕಲ್ಲು ಯಾವುದೂ ಇಲ್ಲ. ಆದರೂ ಸಂಜೆಯವರೆಗೆ ಇಬ್ಬರೂ ಎದ್ದೇಳಲಿಲ್ಲ.

ರಾಯಚೂರಿಗೆ ಹೋಗುವುದು ಅಂದರೆ ಬಿಸಿಲಿನ ಭಯ. ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳಲ್ಲಿ ಹೋಗಬೇಡಿ ಅಂತ ಯಾರಿಗಾದರೂ ಹೇಳುತ್ತೇನೆ. ಒಂದು ಮದುವೆಗೆ ಹೋಗಿದ್ದೆವು. ಅಕ್ಷತೆ ಬಿದ್ದ ಮೇಲೆ ಊಟಕ್ಕೆ ದೊಡ್ಡ ಪಾಳಿ ಇತ್ತು. ‘ನಡೀರಿ, ಕೋಟೆ ನೋಡಿ ಬರೋಣ’ ಅಂದೆ. ರಾಯಚೂರು ಕೋಟೆ ಅಂದರೆ ಪುಸ್ತಕದಲ್ಲಿ 1520ರ ಯುದ್ಧ. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು. ನಮ್ಮ ಮಕ್ಕಳು ಅಷ್ಟನ್ನೇ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಅದಕ್ಕೂ ಎರಡು ನೂರು ವರ್ಷಕ್ಕಿಂತ ಹಿಂದಿನ ಒಂದು ಕಲ್ಲು ಅಲ್ಲಿದೆ. ಬಸ್ ಸ್ಟ್ಯಾಂಡಿನ ಕಡೆಯ ಒಳಗೋಡೆಯಲ್ಲಿ. ದಿನಾ ಅದರ ಹತ್ತಿರ ಎಷ್ಟು ಜನ ಓಡಾಡುತ್ತಾರೋ, ತಲೆ ಎತ್ತಿ ನೋಡುವವರು ಕಡಿಮೆ.

ಆ ಕಲ್ಲಿನ ಉದ್ದ 41 ಅಡಿಗೂ ಜಾಸ್ತಿ. ಒಂದೇ ಕಲ್ಲು. ಕಾಕತೀಯರ ಕಾಲದ್ದು. ಕೋಟೆ ಕಟ್ಟಿಸಿದ್ದನ್ನು ಹೇಳುವ 1294ರ ಶಾಸನ ಅದರ ಮೇಲಿದೆ. ನಾನು ಅದನ್ನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿದ್ದರು. ಅಲ್ಲಿ ಗೆರೆಗಳಲ್ಲಿ ಕೊರೆದ ಒಂದು ಚಿತ್ರ ಇದೆ. ಆ ಕಲ್ಲನ್ನೇ ಗಣಿಯಿಂದ ಕೋಟೆಗೆ ತಂದ ಚಿತ್ರ! ಬಂಡಿಯ ಮೇಲೆ ಕಲ್ಲು. ಮುಂದೆ ಉದ್ದಕ್ಕೆ ಹೂಡಿದ ಜೋಡಿಗಳ ಸಾಲು. ಹುರಿದುಂಬಿಸುವ ಜನ. ಹಿಂದೆ ಗಾಲಿಗೆ ಸನ್ನೆಕೋಲು ಕೊಟ್ಟು ಮೀಟುತ್ತಿರುವವರು.

‘ಇದನ್ನ ನೋಡಬೇಕಿತ್ತು ನಾನು’ ಅಂದರು. ಹಿರೇಬೆಣಕಲ್ಲಿನಲ್ಲಿ, ಇಟಗಿಯಲ್ಲಿ ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಇಲ್ಲಿ ಕೆಲಸ ಮಾಡಿದವರೇ ಬರೆದಿಟ್ಟು ಹೋಗಿದ್ದರು. ಗಾಲಿ ಎಲ್ಲಿ ಹೂತಿತ್ತು, ಮೀಟುವವರು ಯಾವ ಕಡೆ ನಿಂತರು, ಎಲ್ಲ ಬೆರಳಿಟ್ಟು ತೋರಿಸಿದರು. ‘ನಮ್ಮ ಹುಡುಗ್ರು ಹೂತ ಟ್ರ್ಯಾಲಿ ಎಬ್ಬಸೂದೂ ಹಿಂಗ. ಇಲ್ಲೇ ಸನ್ನಿಕೋಲು ಕೊಡಬೇಕು, ಈ ಕಡಿ ಕೊಟ್ಟರ ಕೈ ಮುರೀತೈತಿ.’ ರಾಜನ ಹೊಗಳಿಕೆಯ ಶಾಸನಗಳನ್ನು ಎಷ್ಟೋ ಓದಿದ್ದೇನೆ. ಕೂಲಿಯವರ ಚಿತ್ರವನ್ನು ಕೋಟೆಯ ಗೋಡೆಗೇ ಕೊರೆಸಿದ ಒಡೆಯನನ್ನು ಕಂಡಿದ್ದು ಅಲ್ಲಿ ಮಾತ್ರ. ವಾಪಸು ಹೋದಾಗ ಮದುವೆ ಮನೆಯಲ್ಲಿ ಹೋಳಿಗೆ ಮುಗಿದಿತ್ತು. ಅವರ ಚಿಕ್ಕಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಡ್ಯಾಮಿನ ಮಾತು ಬಿಟ್ಟರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ತುಂಗಭದ್ರಾ ಡ್ಯಾಮು ಅವರ ಗುಡಿ. ನಮ್ಮ ಅನ್ನ ಅದರಿಂದಲೇ ಬರುವುದು, ಅದು ನನಗೂ ಗೊತ್ತು. 1953ರಲ್ಲಿ ಮುಗಿದ ಕಟ್ಟಡ, ಕಲ್ಲು, ಸುಣ್ಣ, ಸುರ್ಕಿಯದ್ದು (ಸುರ್ಕಿ ಅಂದರೆ ಇಟ್ಟಿಗೆ ಪುಡಿ), 33 ಗೇಟು. ಹೊಸಪೇಟೆ ಕಡೆ ಪ್ರವಾಸಿಗರು ಜಾಸ್ತಿ. ನಾವು ಹೋಗುವುದು ಈಚೆ ದಂಡೆಯ ಮುನಿರಾಬಾದ್ ಕಡೆ. ಹುಲಿಗೆಮ್ಮನಿಗೆ ಕೈ ಮುಗಿದು ಅಲ್ಲಿಂದ ಡ್ಯಾಮಿನ ನೀರು ನೋಡಲು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನಮ್ಮ ಮನೆಯಲ್ಲಿ ಟಿವಿ ಆರಲಿಲ್ಲ. ಇಡೀ ಗಂಗಾವತಿಯೇ ನಿದ್ದೆ ಬಿಟ್ಟಿತ್ತು ಅನ್ನಿ. ತುಂಬಿದ ನೀರು ಹೋಗಿಬಿಟ್ಟರೆ ಬೆಳೆ ಗತಿ ಏನು? ಗೇಟು ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತು, ನೀರು ಹರಿಯುತ್ತಿರುವಾಗಲೇ ಕಬ್ಬಿಣದ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಕಿಂಡಿ ಮುಚ್ಚಿಸಿದರು. ಒಂದು ವಾರದೊಳಗೆ. ಮೊದಲ ಹಲಗೆ ಕೂತ ಸುದ್ದಿ ಬಂದಾಗ ನಮ್ಮವರು ಅಂಗಡಿ ಹುಡುಗರಿಗೆಲ್ಲ ಪೇಡೆ ಹಂಚಿದರು. ಆಮೇಲೆ ಹೋದಾಗ ದಂಡೆ ಕಡೆ ನಿಂತು ಆ ಗೇಟು ಎಣಿಸಿ ತೋರಿಸಿದರು. ನನಗೆ ಎಲ್ಲ ಗೇಟೂ ಒಂದೇ ಥರ ಕಂಡವು. ಹೇಳಲಿಲ್ಲ.

ಬಳ್ಳಾರಿಯಲ್ಲಿ ನಮ್ಮ ಮೊದಲ ಸ್ಟಾಪು ಯಾವಾಗಲೂ ಒಗ್ಗರಣೆ ಮಿರ್ಚಿ ಗಾಡಿ. ಅಲ್ಲಿಯವರು ವಗ್ಗಾಣಿ ಅನ್ನುತ್ತಾರೆ. ನೆನೆಸಿದ ಮಂಡಾಳಕ್ಕೆ ಒಗ್ಗರಣೆ ಹಾಕಿ, ಮೇಲೆ ಪುಠಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಎರಡು ಮಿರ್ಚಿ. ಗಂಗಾವತಿಯಲ್ಲೂ ಸಿಗುತ್ತದೆ, ಆದರೆ ಬಳ್ಳಾರಿಯವರು ಹುಣಸೆ ಹುಳಿಯನ್ನು ಹದವಾಗಿ ಹಾಕುತ್ತಾರೆ. ಇದರಲ್ಲಿ ನಮ್ಮಿಬ್ಬರದೂ ಒಂದೇ ಮತ. ಬಳ್ಳಾರಿ ಗುಡ್ಡದ ಕೋಟೆ ಹತ್ತಿದ್ದೂ ಇದೆ. ಹೈದರಾಲಿ ಫ್ರೆಂಚ್ ಇಂಜಿನಿಯರನಿಂದ ಅದನ್ನು ಗಟ್ಟಿ ಮಾಡಿಸಿದ. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ, ಅಲ್ಲಿಂದ ಗುಂಡು ಹಾರಿಸಿದರೆ ಕೋಟೆ ಉಳಿಯುವುದಿಲ್ಲ ಅಂತಾಗಿ ಅವನನ್ನು ನೇಣು ಹಾಕಿಸಿದ ಅಂತ ಕಥೆ ಹೇಳುತ್ತಾರೆ. ನಮ್ಮವರು ಮೇಲೆ ನಿಂತು ಕುಂಬಾರ ಗುಡ್ಡವನ್ನೇ ನೋಡಿ, ‘ಲೆವೆಲ್ ನೋಡದನ ಕೆಲಸ ಹಿಡದರ ಹಿಂಗ ಆಕ್ಕೈತಿ’ ಅಂದರು. ಸತ್ತವನ ಮೇಲೆ ಒಂಚೂರು ಕನಿಕರವೂ ಇಲ್ಲ.

ಊರ ಪಕ್ಕದಲ್ಲೇ ಇರುವ ಸಂಗನಕಲ್ಲಿಗೆ ಹೋಗಿದ್ದು ಅದೇ ದಿನ. ಮೊದಲು ಊರೊಳಗಿನ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ನೋಡಿದೆವು. ಸಣ್ಣದು, ಚೆನ್ನಾಗಿದೆ. ಸಂಗನಕಲ್ಲಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷದ ಆಸುಪಾಸಿನಲ್ಲಿ ನವಶಿಲಾಯುಗದ ಜನ ಇದ್ದರು. ಕಪ್ಪು ಕಲ್ಲಿನ ಕೊಡಲಿ ಮಾಡುವುದು ಅಲ್ಲಿನ ದೊಡ್ಡ ಕೆಲಸ. ಗುಡ್ಡಕ್ಕೇ ಆ ಕಲ್ಲಿನ ಪಟ್ಟೆ ಹಾದು ಹೋಗಿದೆ. ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಬಡಿದರೆ ಗಂಟೆಯ ದನಿ ಕೊಡುವ ಬಂಡೆಗಳೂ ಇವೆ.

ಅಲ್ಲಿ ಬಂಡೆಯ ಮೇಲೆ ಉದ್ದನೆಯ ಗುಳಿಗಳಿವೆ. ಒಂದರ ಪಕ್ಕ ಒಂದು. ನಡುವೆ ಆಳ, ತುದಿಗೆ ಸಣ್ಣಗೆ. ಒಳಗೆ ಕೈ ಆಡಿಸಿದರೆ ನುಣ್ಣಗಿದೆ, ಸುತ್ತಲಿನ ಬಂಡೆ ಮಾತ್ರ ಒರಟು. ನಾನು ಏನೂ ಹೇಳುವ ಮೊದಲೇ ಅವರು ಚಪ್ಪಲಿ ಬಿಟ್ಟು ಗುಳಿಯ ಮುಂದೆ ಕೂತರು. ಕೆಳಗೆ ಬಿದ್ದಿದ್ದ ಒಂದು ಸಾದಾ ಕಲ್ಲು ಹಿಡಿದು, ಬಂಡೆಗೆ ತಾಗಿಸದೆ, ಗಾಳಿಯಲ್ಲೇ ಹಿಂದೆ ಮುಂದೆ ಆಡಿಸಿದರು. ಭುಜ, ಮೊಣಕೈ, ಸೊಂಟ ಎಲ್ಲ ತಾವಾಗಿಯೇ ಹೊಂದಿಕೊಂಡವು.

‘ಇದು ಗ್ರೈಂಡಿಂಗ್ ಶೆಡ್ ಅದ. ಕೊಡ್ಲಿ ಉಜ್ಜಿ ಸಾಣಿ ಹಿಡ್ಯಾಕ ಇಲ್ಲಿ ಕುಂದರತಿದ್ರು. ನೋಡು, ಗಾಳಿ ಎದುರಿಗೆ ಬರ್ತೈತಿ, ನೆರಳು ಹಿಂದ. ಜಾಗ ನೋಡೇ ಕುಂತಾರ.’

ಅದು ಸರಿ. ಅವು ಕೊಡಲಿಗಳನ್ನು ಉಜ್ಜಿ ನುಣುಪು ಮಾಡಿದ ಗುಳಿಗಳೇ. ಬೋರ್ಡು ಓದದೆ, ನನ್ನನ್ನು ಕೇಳದೆ ಅವರಿಗೆ ಗೊತ್ತಾಗಿತ್ತು. ಪಕ್ಕದ ಗುಳಿಯ ಮುಂದೆ ನಾನೂ ಕೂತೆ. ನಮ್ಮ ಮದುವೆಯ ಹೊಸದರಲ್ಲಿ ಅವರ ಶೆಡ್ಡಿಗೆ ಊಟದ ಡಬ್ಬಿ ಒಯ್ದಾಗ, ಗ್ರೈಂಡರ್ ಕಿಡಿಗೆ ಹೆದರಿ ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಒಳಗೆ ಬಂದು ಕೂತಿದ್ದು ಇದೇ ಮೊದಲು ಅಂತ ಅವರು ಚೇಷ್ಟೆ ಮಾಡಿದರು. ಸುತ್ತಲಿನ ಕೆಲವು ಗುಡ್ಡಗಳಲ್ಲಿ ಕಲ್ಲುಗಣಿ ಕೆಲಸ ನಡೆದು ಎಷ್ಟೋ ಗುರುತುಗಳು ಹಾಳಾಗಿವೆ. ಅದನ್ನು ನೋಡಿ ಸಂಕಟ ಆಯಿತು. ಉಳಿದದ್ದನ್ನಾದರೂ ಬೇಗ ಹೋಗಿ ನೋಡಿ.

ಸಂಡೂರು ಎಲ್ಲರಿಗೂ ಗೊತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಬೇಕು. ನಾರಿಹಳ್ಳ ಗುಡ್ಡ ಸೀಳಿಕೊಂಡು ಹೋಗುವ ಜಾಗದಲ್ಲಿ ಸುಮ್ನೆ ಕೂರಬೇಕು. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಬಿಳಿ ಅಂಗಿ ಕೆಂಪಾಗುತ್ತದೆ, ಅಷ್ಟೇ. ಅಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಕೇಂದ್ರದಲ್ಲಿ ಮಗಳಿಗೊಂದು ಕನ್ನಡಿ ಕೆಲಸದ ಚೀಲ ತಂದೆ. ಕಿನ್ನಾಳದ ಗೊಂಬೆಗಳ ಬಗ್ಗೆಯೂ ಒಂದೇ ಮಾತು. ಹಗುರ ಕಟ್ಟಿಗೆ, ಹುಣಸೆ ಬೀಜದ ಅಂಟಿನ ಮುದ್ದೆ, ಮೇಲೆ ಬಣ್ಣ. ಚಿತ್ರಗಾರರ ಮನೆಗೇ ಹೋಗಿ ಮಾಡುವುದನ್ನು ನೋಡಿ, ಗೌರಿ ಗೊಂಬೆಯನ್ನು ಅಲ್ಲೇ ಕೊಂಡುಕೊಳ್ಳಿ.

ಬಳ್ಳಾರಿಯಿಂದ ವಾಪಸು ಬರುವುದು ಕಂಪ್ಲಿ ಮೇಲೆ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಪ್ರತಿ ಮಳೆಗಾಲದ ಗೋಳು. ಒಂದು ಸಲ ಸಂಗನಕಲ್ಲಿಂದ ಬರುವಷ್ಟರಲ್ಲಿ ಬ್ಯಾರಿಕೇಡ್ ಹಾಕಿಬಿಟ್ಟಿದ್ದರು. ಬುಕ್ಕಸಾಗರ, ಕಡೆಬಾಗಿಲು ಸುತ್ತಿ ಹೋಗಬೇಕು. ಹೆಂಗೂ ತಡ ಆಯಿತು ಅಂತ ಇಳಿದೆವು. ದಂಡೆಯಲ್ಲಿ ಜಾತ್ರೆಯೇ ನೆರೆದಿತ್ತು. ಮೆಕ್ಕೆಜೋಳ ಸುಡುವವಳಿಗೆ ಪುರುಸೊತ್ತಿಲ್ಲ. ಒಬ್ಬರು ‘ನಿನ್ನಿಗಿಂತ ಒಂದಡಿ ಏರೈತಿ’ ಅನ್ನುತ್ತಾರೆ, ಇನ್ನೊಬ್ಬರು ‘ಎಲ್ಲಿ ಬಿಡೋ, ಇಳದೈತಿ’ ಅನ್ನುತ್ತಾರೆ. ನಮ್ಮವರು ಸೇತುವೆಯ ಕಂಬಕ್ಕೆ ನೀರು ಬಡಿಯುವುದನ್ನು ನೋಡಿ ಅಪರಿಚಿತರಿಗೆಲ್ಲ ಏನೇನೋ ವಿವರಿಸುತ್ತಿದ್ದರು. ನಾನು ಒಬ್ಬ ಹಳೇ ವಿದ್ಯಾರ್ಥಿಯ ಕೈಗೆ ಸಿಕ್ಕಿಬಿದ್ದೆ. ಅವನು ಈಗ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನಂತೆ. ‘ಟೀಚರ್, ಸರ್ ಯಾರ್ರೀ? ನೀರಾವರಿ ಇಲಾಖೆಯವ್ರಾ?’ ಅಂತ ಕೇಳಿದ. ಹೌದಪ್ಪ ಅಂದೆ. ಅವನು ಹೋಗಿ ಅವರಿಗೆ ನಮಸ್ಕಾರ ಮಾಡಿ, ತನ್ನ ಊರಿನ ಕಾಲುವೆಗೆ ನೀರು ಯಾವಾಗ ಬರುತ್ತದೆ ಅಂತ ಕೇಳಿದ.

ಮುಂದಿನದು ಮುದಗಲ್. ಮೊಹರಂಗೆ ಅಲ್ಲಿ ಊರಿಗೆ ಊರೇ ಸೇರುತ್ತದೆ, ಆಗ ಹೋಗೋಣ ಅನ್ನುವುದು ನನ್ನ ಆಸೆ. ಜನ ಇಲ್ಲದಾಗ ಹೋದರೆ ಕೋಟೆಯ ಕಂದಕದೊಳಗೆ ಇಳಿದು ನೋಡಬಹುದು ಅನ್ನುವುದು ಅವರ ವಾದ. ಇನ್ನೂ ತೀರ್ಮಾನ ಆಗಿಲ್ಲ. ಮುದಗಲ್ ಕಡೆಯವರು ಯಾರಾದರೂ ಇದನ್ನು ಓದಿದರೆ, ಹಬ್ಬದ ದಿನ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಸಿ.